ಜೇಡಿಯಲ್ಲ, ಜೇಡ

ಜೇಡ ಬೇರೆ, ಜೇಡಿ ಬೇರೆ. ಜೇಡಕ್ಕೆ ಎಂಟು ಕಾಲು, ಜೇಡಿಮಣ್ಣಿಗೆ ಒಂದೂ ಇಲ್ಲ. ಇಷ್ಟು ವ್ಯತ್ಯಾಸ ತಿಳಿಯದ ಮನುಷ್ಯನ ಜೊತೆ ಒಂದೇ ಸೂರಿನಡಿ ಕೆಲಸ ಮಾಡಿದೆನಲ್ಲ, ಅದಕ್ಕೆ ಮೊದಲು ನನ್ನನ್ನೇ ಬೈದುಕೊಳ್ಳಬೇಕಿತ್ತು. ಆದರೆ ಆ ಬೆಳಿಗ್ಗೆ ಅಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಬೈಯಲು ಅವನೇ ಎದುರಿಗೆ ನಿಂತಿದ್ದ.

ನಾನು ಗಾಜಿನ ಜೇಡ ಮಾಡುವವಳು. ಗ್ಯಾಸ್ ಟಾರ್ಚಿನ ನೀಲಿ ಉರಿಯಲ್ಲಿ ಗಾಜಿನ ಕಡ್ಡಿ ಕರಗಿಸಿ ಮೊದಲು ಹೊಟ್ಟೆ, ಆಮೇಲೆ ಎದೆ, ಆಮೇಲೆ ಒಂದೊಂದಾಗಿ ಕಾಲು. ಕಾಲು ಹೊಟ್ಟೆಯಿಂದ ಹೊರಡುತ್ತದೆ ಎಂದುಕೊಂಡವರೇ ಲೋಕದಲ್ಲಿ ಹೆಚ್ಚು. ಅಲ್ಲ, ಎದೆಯಿಂದ. ಅಮ್ಮನಿಗೆ ಎಲ್ಲ ಒಂದೇ. ಮದುವೆ ವಯಸ್ಸಿನ ಹುಡುಗಿ ಹುಳ ಮಾಡಿಕೊಂಡು ಕೂತಿದ್ದಾಳೆ ಎಂದು ಚಿಕ್ಕಮ್ಮನ ಹತ್ತಿರ ಗೋಳಾಡುತ್ತಾಳೆ. ಜೇಡ ಹುಳವೇ ಅಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ.

ಅವನು ಕುಂಬಾರ. ನಾವಿಬ್ಬರೂ ಬಾಡಿಗೆಗೆ ಹಿಡಿದ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಕಡೆ ಅವನ ಚಕ್ರ, ಗೋಡೆಯ ಕಡೆ ನನ್ನ ಟಾರ್ಚು, ಮಧ್ಯೆ ಇಬ್ಬರಿಗೂ ಸೇರಿದ ಕರೆಂಟಿನ ಭಟ್ಟಿ. ನನ್ನನ್ನು ಜೇಡಮ್ಮ ಎಂದು ಕರೆಯುತ್ತಿದ್ದ. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.

ಉರಿಯ ಮುಂದೆ ಕೂರುವಾಗ ನಾನು ದಟ್ಟ ಬಣ್ಣದ ಕನ್ನಡಕ ಹಾಕಿಕೊಳ್ಳಬೇಕು. ಅದರ ಹಿಂದೆ ಕಣ್ಣು ಎತ್ತ ಹೋಗುತ್ತದೆಂದು ಯಾರಿಗೂ ಕಾಣದು. ಆ ಧೈರ್ಯದಲ್ಲಿ ಅವನು ಚಕ್ರದ ಮೇಲೆ ಬಾಗಿದಾಗ ಕತ್ತಿನ ಹಿಂದೆ ಒಣಗಿದ ಮಣ್ಣಿನ ಚುಕ್ಕಿಯನ್ನು ಬೇಕಾದಷ್ಟು ಹೊತ್ತು ನೋಡುತ್ತಿದ್ದೆ. ಒಮ್ಮೆ ಅವನು ತಲೆಯೆತ್ತದೆಯೇ, "ಗಾಜು ಸುರೀತಿದೆ, ಜೇಡಮ್ಮ" ಎಂದ. ನಿಜವಾಗಿಯೂ ಮೇಜಿನ ಮೇಲೆ ಸುರಿಯುತ್ತಿತ್ತು. ಒಬ್ಬಳು ನೋಡುತ್ತಿದ್ದಾಳೆಂದು ಗೊತ್ತಿದ್ದೂ ಮುಂದಿನ ಮಾತು ಆಡದ ಗಂಡಸಿಗೆ ಏನೆನ್ನಬೇಕು?

ಇರಲಿ. ನನ್ನ ಕೆಲಸವನ್ನು ಆಟಿಕೆ ಎಂದು ವರ್ಷಗಟ್ಟಲೆ ಮೂಗು ಮುರಿದಿದ್ದ ಗ್ಯಾಲರಿಯವರು ಈ ಸಲದ ಪ್ರದರ್ಶನದಲ್ಲಿ ಒಂದು ಮೇಜು ಕೊಡಲು ಒಪ್ಪಿದ್ದರು. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿ ಜೇಡ ಮಾಡಿ ಭಟ್ಟಿಯಲ್ಲಿಟ್ಟೆ. ಗಾಜನ್ನು ಹದವಾದ ಕಾವಿನಲ್ಲಿಟ್ಟು ನಿಧಾನವಾಗಿ ಆರಿಸದಿದ್ದರೆ ಅದು ತಾನಾಗಿ ಸೀಳುತ್ತದೆ. ಅಷ್ಟರಲ್ಲಿ ನನಗೆ ಜ್ವರ ಬಂದು ಗಂಟಲು ಕಟ್ಟಿತು. ಮನೆಗೆ ಹೋಗಿ ಮಲಗಿ ಅವನಿಗೆ ಫೋನ್ ಮಾಡಿದೆ. ಭಟ್ಟಿಯಲ್ಲಿ ಜೇಡ ಇಟ್ಟಿದ್ದೇನೆ, ಕಾವು ನೀನು ನೋಡಿಕೋ ಎಂದೆ. ನನ್ನ ಒಡಕು ಗಂಟಲಿನ ಜೇಡ ಅವನ ಕಿವಿಯಲ್ಲಿ ಜೇಡಿಯಾಯಿತು. ಅವನು ಮಣ್ಣು ಬೇಯುವಷ್ಟು ಕಾವು ಏರಿಸಿದ.

ಜ್ವರ ಬಿಟ್ಟ ಮೇಲೆ ಬಂದು ಭಟ್ಟಿಯ ಬಾಗಿಲು ತೆಗೆದರೆ ತಾಯಿಯೂ ಇಲ್ಲ, ಮರಿಗಳೂ ಇಲ್ಲ. ಚೆಲ್ಲಿದ ಎಣ್ಣೆಯ ಹಾಗೆ ಕಪ್ಪು ಗಾಜು ಭಟ್ಟಿಯೊಳಗಿನ ಸುಟ್ಟಮಣ್ಣಿನ ಹಲಗೆಯ ಮೇಲೆ ಹರಡಿಕೊಂಡಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ಪಾಲಿಗೆ ಕುಂಬಾರನೇ ದೊಣ್ಣೆಯಾದ. ಮರುದಿನ ಮಧ್ಯಾಹ್ನ ಗ್ಯಾಲರಿಯ ವ್ಯಾನು ಬರುವುದಿತ್ತು. ಜೇಡವಿಲ್ಲದಿದ್ದರೆ ನನ್ನ ಮೇಜು ಇನ್ನೊಬ್ಬರ ಪಾಲು.

ನಾನು ಬೈದೆ. ಕಿವಿಯಲ್ಲೂ ಮಣ್ಣು ತುಂಬಿಕೊಂಡಿದ್ದೀಯಾ ಎಂದೆ, ಬಾಗಿಲು ತೆಗೆದು ನೋಡಬಾರದಿತ್ತಾ ಎಂದೆ. ಕಾದ ಭಟ್ಟಿಯ ಬಾಗಿಲು ತೆಗೆದರೆ ಕೈ ಮುರಿಯುತ್ತೇನೆ ಎಂದು ನಾನೇ ಹೇಳಿದ್ದನ್ನು ಅವನು ಮೆತ್ತಗೆ ನೆನಪಿಸಿದ. ಅದು ಸತ್ಯವಾಗಿದ್ದರಿಂದ ಸಿಟ್ಟು ಇನ್ನೂ ಏರಿತು.

"ನಿನ್ನ ಬಟ್ಟಲೆಲ್ಲ ಆ ಕಡೆ ಒಣಗೋಕೆ ಇಟ್ಟ ಹಾಗೇ ಇದೆಯಲ್ಲ. ಭಟ್ಟೀಲಿ ಜೇಡಿ ಎಲ್ಲಿಂದ ಬಂತು ಅಂತ ಯೋಚ್ನೆ ಬರ್ಲಿಲ್ವಾ?"

"ಅವನ್ನ ನೀನೇ ಭಟ್ಟಿಯೊಳಗೆ ಜೋಡಿಸಿಟ್ಟಿದೀಯ ಅಂದ್ಕೊಂಡೆ."

"ನಾನ್ಯಾಕೆ ನಿನ್ನ ಬಟ್ಟಲು ಜೋಡಿಸ್ಲಿ?"

ಅವನು ಕೈಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ನಿಂತ. "ಅದೇ. ನನಗೋಸ್ಕರ ಇಷ್ಟು ಮಾಡಿದಾಳಲ್ಲ ಅಂತ ಖುಷಿಯಾಯ್ತು. ಆಮೇಲೆ ಏನೂ ನೋಡ್ಲಿಲ್ಲ ನಾನು."

ಒಬ್ಬಳ ಇಡೀ ಪ್ರದರ್ಶನವನ್ನು ಕರಗಿಸಿ, ಅದಕ್ಕೆ ಇಂಥ ಕಾರಣ ಕೊಡುವುದು ಎಂಥ ಅನ್ಯಾಯ! ಸರಿಯಾಗಿ ಸಿಟ್ಟು ಮಾಡಿಕೊಳ್ಳಲೂ ಬಿಡಲಿಲ್ಲ.

ಹೊಸ ಹಲಗೆ ಹಾಕಿ ಭಟ್ಟಿ ಕಾಯಿಸು, ಆಮೇಲೆ ಬಂದು ಪಕ್ಕದಲ್ಲಿ ಕೂರು ಎಂದು ಅಪ್ಪಣೆ ಮಾಡಿದೆ. ಜ್ವರದಿಂದ ನನ್ನ ಮಣಿಕಟ್ಟು ಸೋತಿತ್ತು. ಕಾಲು ಜೋಡಿಸುವಷ್ಟು ಹೊತ್ತೂ ಜೇಡದ ಮೈಯನ್ನು ಉರಿಯ ಅಂಚಿನಲ್ಲಿ ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ತಣಿದು ಚಟ್ಟನೆ ಒಡೆಯುತ್ತದೆ. ಅವನಿಗೂ ಕನ್ನಡಕ ಹಾಕಿಸಿ, ಮೈಯನ್ನು ಅಂಟಿಸಿದ್ದ ಕಡ್ಡಿಯನ್ನು ಕೈಗೆ ಕೊಟ್ಟೆ. ತಿರುಗಿಸಿದ. ದಿನವಿಡೀ ಚಕ್ರದ ಮುಂದೆ ಕೂತವನ ಕೈ, ಒಂದಿಷ್ಟೂ ಅಲುಗಲಿಲ್ಲ. ಹೊಗಳಲು ನನಗೆ ಮನಸ್ಸಿರಲಿಲ್ಲ. ಮೊಣಕೈ ತಾಗಿಸಬೇಡ ಎಂದೆ. ತಾಗದೆ ಕೂರಲು ಅಲ್ಲಿ ಜಾಗವೇ ಇರಲಿಲ್ಲ.

ಮರಿಗಳನ್ನು ಕೂರಿಸಿದೆ, ಎಡಗಡೆಯ ಕಾಲುಗಳು ಮುಗಿದವು. ಬಲಗಡೆಯ ಕೊನೆಯ ಕಾಲನ್ನು ಉರಿಗೆ ಹಿಡಿದು ಗೆಣ್ಣು ಬಗ್ಗಿಸುತ್ತಿದ್ದಾಗ ಅವನು ಬಾಯಿಬಿಟ್ಟ.

"ನೀನು ನೋಡ್ತೀಯ ಅಂತಾನೇ ನಾನು ನಿನ್ನ ಕಡೆ ಬೆನ್ನು ಹಾಕಿ ಕೂರೋದು. ಮುಖ ತೋರ್ಸಿದ್ರೆ ಎಲ್ಲಾ ಗೊತ್ತಾಗಿಬಿಡುತ್ತೆ ಅಂತ ಭಯ. ನಿನ್ನ ಜೊತೇನೇ ಇರ್ಬೇಕು ಅಂತ ಆಸೆ, ಜೇಡಮ್ಮ. ಬರೀ ಈ ಕೋಣೇಲಲ್ಲ."

ನನ್ನ ಕೈಯಲ್ಲಿ ಕರಗುತ್ತಿದ್ದ ಗಾಜು. ತಿರುಗಿ ನೋಡುವ ಹಾಗಿಲ್ಲ, ನಡುಗುವ ಹಾಗಿಲ್ಲ. ಹೇಳಲು ಇವನಿಗೆ ಬೇರೆ ಹೊತ್ತು ಸಿಗಲಿಲ್ಲವೇ? ಹಲ್ಲು ಕಚ್ಚಿ ಕಾಲನ್ನು ಎದೆಗೆ ಅಂಟಿಸಿದೆ. ಕಡ್ಡಿ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಒಯ್ದು ಭಟ್ಟಿಯಲ್ಲಿಟ್ಟು, ಬಾಗಿಲು ಹಾಕಿ, ಕಾವನ್ನು ನಾನೇ ಗೊತ್ತುಮಾಡಿದೆ. ಆಮೇಲೆ ಕನ್ನಡಕ ತೆಗೆದೆ. ಅವನ ಮುಖ ಬಿಳುಚಿತ್ತು.

"ನೀನೇನೂ ಹೇಳ್ಲಿಲ್ಲ" ಎಂದ.

"ಉರಿ ಮುಂದೆ ಕೂತವಳ ಹತ್ರ ಉತ್ತರ ಕೇಳ್ತಾರಾ? ಕೈ ನಡುಗಿದ್ರೆ ಈ ಜೇಡಾನೂ ಹೋಗ್ತಿತ್ತು." ಟಾರ್ಚು ಆರಿಸಿದೆ. "ನಂಗೂ ಅದೇ ಆಸೆ. ಆದ್ರೆ ಇಷ್ಟು ಕಾಲ ಕಾಯಿಸಿದ್ದಕ್ಕೆ ಬೇರೆ ಜಗಳ ಇದೆ. ಅದನ್ನ ಮನೆಗೆ ಹೋಗ್ತಾ ಆಡೋಣ."

ಅವನು ನಕ್ಕುಬಿಟ್ಟ. ಇದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ಮತ್ತೆ ರೇಗಿತು. ಬಾಗಿಲಿಗೆ ಬೀಗ ಹಾಕುವಾಗ ಬೈದೆ, ಬೀದಿಯ ತಿರುವಿನಲ್ಲಿ ಬೈದೆ, ಮನೆಯ ಗೇಟಿನ ಮುಂದೆ ನಿಂತು ಇನ್ನಷ್ಟು ಬೈದೆ. ಅಲ್ಲಿಯವರೆಗೂ ಅವನ ಕೈ ಬಿಟ್ಟಿರಲಿಲ್ಲ.