ಡೆಲ್ಫಿನಾಳ ಜೇಬಿನಲ್ಲಿದ್ದ ಜೆಟ್

ಕರಿ ಹೊಗೆ ಉಗುಳುತ್ತಾ, ಕೆಮ್ಮುತ್ತಾ ಬಂದ ಹಳೇ ಪಿಕಪ್ ಗ್ಯಾರೇಜಿನ ಬಾಗಿಲಲ್ಲೇ ನಿಂತುಹೋಯಿತು. ಇಳಿದವನು ಟೆಕ್ಸಾಸಿನ ಕಡಲತೀರದ ಕ್ಲೇಟನ್. ಬಾನೆಟ್ ಎತ್ತಿದವಳು ಡೆಲ್ಫಿನಾ. ಹತ್ತು ಸಾವಿರ ಅಡಿ ಎತ್ತರದ ಈ ಕೊಲೊರಾಡೊ ಊರಿನಲ್ಲಿ ಅಪ್ಪನ ನಂತರ ಗ್ಯಾರೇಜು ಅವಳದೇ.

"ನಮ್ಮೂರಲ್ಲಿ ಇದು ಹುಲಿ ಕಣ್ರೀ."

"ಇಲ್ಲಿ ನೆಗಡಿ ಬಂದ ಬೆಕ್ಕು," ಎಂದಳು ಅವನನ್ನು ನೋಡದೆ. ಆಮೇಲೆ ನೋಡಿದಳು. ನೋಡಬಾರದಿತ್ತು. ಕೆನ್ನೆಗೆಲ್ಲ ಮಸಿ, ಕಣ್ಣಲ್ಲಿ ತುಂಟ ನಗು.

ಶನಿವಾರ ಬೆಟ್ಟ ಹತ್ತುವ ಪಂದ್ಯ. ಇಂಜಿನ್ ಬದಲಾಯಿಸದ ಹಳೇ ಗಾಡಿಗಳಿಗೆ ಮಾತ್ರ ಪ್ರವೇಶ. ಪಿಕಪ್ ಹತ್ತದಿದ್ದರೆ ತಾತ ಬಿಟ್ಟುಹೋದ ಅದರ ಇಂಜಿನ್ ಕಿತ್ತು ಗುಜರಿಗೆ ಹಾಕುವುದಾಗಿ ಕ್ಲೇಟನ್ ತನ್ನಣ್ಣನಿಗೆ ಮಾತು ಕೊಟ್ಟಿದ್ದ.

"ಶಕ್ತಿ ಬರಲಿ ಅಂತ ದೊಡ್ಡ ಜೆಟ್ ಹಾಕಿಸಿದೀನಿ."

ಡೆಲ್ಫಿನಾ ಹಣೆ ಚಚ್ಚಿಕೊಂಡಳು. ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ತೂತಿನ ಆ ಪುಟ್ಟ ಹಿತ್ತಾಳೆ ಚೂರನ್ನು ಎತ್ತಿ ಹಿಡಿದಳು. "ಇಲ್ಲಿ ಗಾಳಿ ತೆಳು, ದೊರೆ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು. ಪೆಟ್ರೋಲ್ ಕಮ್ಮಿ ಮಾಡಿದ್ರೇನೇ ಶಕ್ತಿ."

"ಎಲ್ಲರೂ ಜಾಸ್ತಿ ಮಾಡ್ತಾರೆ, ನೀವು ಕಮ್ಮಿ ಮಾಡ್ತೀರಾ?"

"ನಿಮ್ಮ ಮಾತನ್ನೂ ಸ್ವಲ್ಪ ಕಮ್ಮಿ ಮಾಡ್ಬೇಕು."

ದೊಡ್ಡ ಜೆಟ್ ಅವಳ ಅಂಗಿಯ ಜೇಬು ಸೇರಿತು. "ಊರಿಗೆ ಹೋಗುವಾಗ ಇಸ್ಕೊಳ್ಳಿ. ಕೆಳಗೆ ಚಿಕ್ಕದರಲ್ಲೇ ಓಡಿಸಿದ್ರೆ ಇಂಜಿನ್ ಸುಟ್ಟುಹೋಗುತ್ತೆ."

ಐದು ದಿನ ಒಂದಕ್ಕಿಂತ ಒಂದು ಚಿಕ್ಕ ಜೆಟ್ ಹಾಕಿ, ಕಿಡಿ ಹೊತ್ತುವ ಟೈಮಿಂಗ್ ಕೂದಲೆಳೆಯಷ್ಟು ಮುಂದೆ ತಂದು, ದಿನವೂ ಏರಿನಲ್ಲಿ ಓಡಿಸಿ ನೋಡಿದರು. ಹಸಿ ಮೆಣಸಿನಕಾಯಿ ತುಂಬಿದ ರೊಟ್ಟಿಸುರುಳಿ ಬರಿಟೊ ತಿಂದು ಅವನ ಕಣ್ಣಲ್ಲಿ ನೀರು ಬಂದಾಗ ಅವಳು ಬಿದ್ದು ಬಿದ್ದು ನಕ್ಕಳು. ಶುಕ್ರವಾರದ ಹೊತ್ತಿಗೆ ಜೇಬಿನ ಜೆಟ್ ಮುಟ್ಟಿದರೆ ಸಾಕು, ಅವಳಿಗೆ ಎದೆ ಭಾರವಾಗುತ್ತಿತ್ತು. ಕೊಟ್ಟ ದಿನ ಅವನು ಹೊರಟೇಬಿಡುತ್ತಾನಲ್ಲ.

ಇಂಜಿನ್ ಮುಟ್ಟಿದವರು ಪಂದ್ಯದಲ್ಲಿ ಡ್ರೈವರ್ ಪಕ್ಕ ಕೂರಲೇಬೇಕು, ಅದು ಇಲ್ಲಿನ ಕಟ್ಟಳೆ. ಕೆಲಸ ಕೆಟ್ಟಿದ್ದರೆ ಇಬ್ಬರೂ ಒಟ್ಟಿಗೆ ಉರುಳಲಿ ಎಂದು.

ಶನಿವಾರ ಪಂದ್ಯದ ಕೊನೆಯ ತಿರುವಿನಲ್ಲಿ, ಮೊದಲು ಹೊರಟಿದ್ದ ಮೂರು ಗಾಡಿಗಳು ಸಡಿಲ ಕಲ್ಲಿನಲ್ಲಿ ಹೂತು ನಿಂತಿದ್ದವು. ಪಿಕಪ್ ನಡುಗಿತು. ಕ್ಲೇಟನ್ ಆಕ್ಸಿಲರೇಟರ್ ಒತ್ತಿಹಿಡಿಯಲು ಹೋದ. ಗೇರಿನ ಮೇಲಿದ್ದ ಅವನ ಕೈಯನ್ನು ಡೆಲ್ಫಿನಾ ಗಟ್ಟಿಯಾಗಿ ಹಿಡಿದಳು.

"ತುಳೀಬೇಡಿ! ಅದು ಉಸಿರಾಡ್ಲಿ!"

ಅವನು ಕಾಲು ಸಡಿಲಿಸಿದ. ಇಂಜಿನ್ ಒಮ್ಮೆ ತಡವರಿಸಿತು, ಆಮೇಲೆ ಗುಡುಗಿತು. ಚಕ್ರಗಳು ಕಲ್ಲು ಕಚ್ಚಿದವು. ಮೂರೂ ಗಾಡಿ ಹಿಂದೆ ಬಿದ್ದವು, ಬೆಟ್ಟದ ನೆತ್ತಿ ಕಾಲಡಿಗೆ ಬಂತು! ಅಲ್ಲಿದ್ದವರೆಲ್ಲ ಟೋಪಿ ಹಾರಿಸಿ ಕೂಗಿದರು. ಅವಳ ಕೈ ಮಾತ್ರ ಇನ್ನೂ ಅವನ ಕೈ ಮೇಲೇ ಇತ್ತು.

ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರು. ಬಂದ ದಿನ ಕಾಡಿಗೆಯಂತಿದ್ದದ್ದು ಇಂದು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಇಂಜಿನ್ನಿನ ಆರೋಗ್ಯಕ್ಕೆ ಬೇರೆ ಸಾಕ್ಷಿ ಬೇಡ.

ಡೆಲ್ಫಿನಾ ಜೇಬಿನಿಂದ ಜೆಟ್ ತೆಗೆದು ಚಾಚಿದಳು. "ತಗೊಳ್ಳಿ. ಕೆಳಗೆ ಬೇಕಾಗುತ್ತೆ."

ಕ್ಲೇಟನ್ ಅವಳ ಬೆರಳುಗಳನ್ನು ಅದರ ಮೇಲೇ ಮಡಚಿದ. "ನೀವೇ ಇಟ್ಕೊಳ್ಳಿ. ನಾನು ಕೆಳಗೆ ಹೋಗ್ತಿಲ್ಲ."

"ನಿಮ್ಮಣ್ಣನಿಗೆ ಏನಂತೀರಿ?"

"ತಾತನ ಇಂಜಿನ್ ಗೆಲ್ತು, ನಾನು ಸೋತೆ ಅಂತೀನಿ."

ಅವಳು ನಗುತ್ತಲೇ ಜೆಟ್ಟನ್ನು ಮತ್ತೆ ಜೇಬಿಗಿಳಿಸಿ, ಮೇಲೆ ಗುಂಡಿ ಹಾಕಿಕೊಂಡಳು.