ಒಂದೇ ಕಾರ್ಡಿನ ಮೂವರು ಬಸುರಿಯರು

"ಏಳು ತಿಂಗಳು ತುಂಬಿದೆ! ಇವತ್ತು ಮೊದಲ್ನೇ ಸಲ ಕರ್ಕೊಂಡು ಬರ್ತಿದ್ದೀರಾ? ನಾಚಿಕೆ ಆಗಲ್ವಾ ನಿಮಗೆ?"

ಮಿರೆಲಿಸ್ ದನಿಗೆ ಬೆಂಚಿನ ಮೇಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಎದುರಿಗಿದ್ದವನು ಸಿಲ್ವಿಯೊ, ಗುಡ್ಡದ ಮೇಲಿನ ಬಾಡಿಗೆ ಬೈಕಿನವನು. ಅವನ ತೋಳು ಹಿಡಿದಿದ್ದ ಬಸುರಿ ದಾನೆಯ್ರಿ ಏನೋ ಹೇಳಹೊರಟಳು. ಅವನು ಕಣ್ಣಲ್ಲೇ ತಡೆದ.

"ತಪ್ಪಾಯ್ತು ಮೇಡಂ. ಇನ್ಮೇಲೆ ಗುರುವಾರ ತಪ್ಪಿಸಲ್ಲ."

ಅಷ್ಟು ಬೈಸಿಕೊಂಡೂ ನಕ್ಕನಲ್ಲ ಪುಣ್ಯಾತ್ಮ! ಮಿರೆಲಿಸ್ ಎದೆ ಯಾಕೋ ಢವಢವ ಎಂದಿತು...

ಛೀ! ಇನ್ನೊಬ್ಬಳ ಗಂಡ!

ಪ್ವೆರ್ತೊ ಪ್ಲಾತಾ ಎಂಬ ಊರಿನ ಆ ಪುಟ್ಟ ಕ್ಲಿನಿಕ್ಕಿಗೆ ಅವಳು ಆಪ್ತಸಲಹೆಗಾರ್ತಿಯಾಗಿ ಬಂದು ಎರಡೇ ತಿಂಗಳಾಗಿತ್ತು. ಅಲ್ಲಿ ಮನೆಗೊಂದು ಕಾರ್ಡು. ವರ್ಷಕ್ಕೊಮ್ಮೆ ನಾಲ್ಕು ಕಾಸು ಕಟ್ಟಿದರೆ ಮನೆಮಂದಿಗೆಲ್ಲ ತಪಾಸಣೆ, ಮದ್ದು, ಮನಸ್ಸಿನ ಮಾತಿಗೊಂದು ಕಿವಿ.

ಮುಂದಿನ ಗುರುವಾರ ಅದೇ ಬೈಕಿನಿಂದ ಇನ್ನೊಬ್ಬ ಬಸುರಿ ಇಳಿದಳು. ಅದರ ಮುಂದಿನ ವಾರ ಮೂರನೆಯವಳು!

ಮೂವರ ಹೆಸರೂ ಸಿಲ್ವಿಯೊನ ಕಾರ್ಡಿನಲ್ಲೇ ಇತ್ತು. 'ಸಂಬಂಧ' ಎಂದಿದ್ದ ಕಡೆಯೆಲ್ಲ ಒಂದೇ ಉತ್ತರ: ನಮ್ಮವಳು.

ಮಿರೆಲಿಸ್ ಮೈ ಉರಿದುಹೋಯಿತು. ಅವಳ ಅಪ್ಪನೂ ಎರಡು ಸಂಸಾರ ಹೂಡಿದವನೇ. ಭಾನುವಾರವೆಲ್ಲ ಬಾಗಿಲಲ್ಲಿ ಕಾದು ಕೂರುತ್ತಿದ್ದ ಅಮ್ಮನ ಮುಖ ಅವಳು ಮರೆತಿರಲಿಲ್ಲ. ಅಂಥ ಗಂಡಸಿಗೆ ಮನಸ್ಸು ಕೊಡುವುದೇ? ಸಾಧ್ಯವೇ ಇಲ್ಲ!

ಅವನೋ, ಪ್ರತಿ ವಾರ ಸಿಪ್ಪೆ ಸುಲಿದ ಕಿತ್ತಳೆಯೊಂದನ್ನು ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದ.

"ಬೈದು ಬೈದು ಗಂಟಲು ಒಣಗಿರತ್ತೆ, ತಿನ್ನಿ ಮೇಡಂ."

ತಿನ್ನಬಾರದು ಎಂದುಕೊಂಡೇ ಅವಳು ಪ್ರತಿ ಸಲ ತಿಂದಳು. ಸಿಹಿ ಬೇರೆ ಇರುತ್ತಿತ್ತು, ಹಾಳಾದ್ದು!

ಇನ್ನು ತಡೆಯಲಾಗಲಿಲ್ಲ. ಸಂಸಾರದಲ್ಲಿ ತೊಡಕಿದ್ದರೆ ಕಾರ್ಡಿನಲ್ಲಿರುವವರೆಲ್ಲ ದುಂಡಗೆ ಕುರ್ಚಿ ಹಾಕಿ ಕೂರುವುದು ಅಲ್ಲಿನ ಪದ್ಧತಿ. ಮಿರೆಲಿಸ್ ಎಲ್ಲರಿಗೂ ಹೇಳಿಕಳಿಸಿದಳು. ಐದು ಕುರ್ಚಿ ಹಾಕಿಸಿದಳು.

ಗುಡ್ಡದಿಂದ ಬಂದವರು ಹನ್ನೊಂದು ಜನ! ಅನ್ನ-ಹುರುಳಿಯ ದೊಡ್ಡ ಪಾತ್ರೆ ಹೊತ್ತ ಒಬ್ಬ ಅಜ್ಜಿಯೂ ಇದ್ದಳು.

ಕ್ಲಿನಿಕ್ ನಡೆಸುವ ಡೋನ್ಯಾ ಫೆಲಿಪಾ ಬಾಗಿಲಲ್ಲಿ ನಿಂತು ಕಣ್ಣರಳಿಸಿದರು.

ಮಿರೆಲಿಸ್ ಸಿಲ್ವಿಯೊನತ್ತ ತಿರುಗಿದಳು. "ಸಿಲ್ವಿಯೊ ಅವರೇ, ಮೂರು ಜನ ಹೆಂಡ್ತೀರನ್ನ ಕಟ್ಕೊಂಡು... ಇವರ ಗತಿ ಏನು ಅಂತ ಯೋಚನೆ ಮಾಡಿದ್ದೀರಾ?"

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ ಮಗಳೇ! ಇವನಿಗೆ ಮೂರು ಹೆಂಡ್ತೀರಾ? ಅಂಗಿ ಗುಂಡಿ ಹಾಕ್ಕೊಡೋಕೂ ಒಬ್ಬಳು ಗತಿಯಿಲ್ಲ ಈ ಮುಂಡೇದಕ್ಕೆ!"

"ಇವಳು ನನ್ನ ಹೆಂಡ್ತಿ ಮೇಡಂ!" ಎರಡನೆಯವಳ ಪಕ್ಕದಲ್ಲಿದ್ದವನು ಎದ್ದು ನಿಂತ. "ಇವಳು ನನ್ನವಳು!" ಮೂರನೆಯವಳ ಪಕ್ಕದವನೂ ಎದ್ದ.

ದಾನೆಯ್ರಿ ತಲೆ ತಗ್ಗಿಸಿದಳು. "ನನ್ನ ಗಂಡ ಬಿಟ್ಟುಹೋದ ಅಕ್ಕಾ. ಒಬ್ಬಳೇ ಇಲ್ಲಿಗೆ ಬರೋಕೆ ನಾಚಿಕೆ ಆಗ್ತಿತ್ತು. 'ಗಂಡ ಎಲ್ಲಿ ಅಂದ್ರೆ ನನ್ನನ್ನೇ ತೋರ್ಸು, ಬೈಗುಳ ನಾನು ತಿಂತೀನಿ' ಅಂದ ಸಿಲ್ವಿಯೊ ಅಣ್ಣ."

ಮಿರೆಲಿಸ್ ಮುಖ ಕೆಂಪೇರಿತು. ಭೂಮಿ ಬಾಯ್ಬಿಡಬಾರದೇ!

"ಯಾಕೆ... ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಾರ್ಡು ಹರಿದುಹಾಕ್ತೀರಿ ಅಂತ ಭಯ ಮೇಡಂ. ಕಾರ್ಡಿಗೆ ಕಾಸು ಕಟ್ಟೋಕೂ ಆಗದ ಇವರೆಲ್ಲ ಎಲ್ಲಿಗೆ ಹೋಗ್ಬೇಕು? ನೀವು ನನ್ನ ಕೆಟ್ಟವನು ಅಂದ್ಕೊಳ್ತೀರಿ ಅಂತ ಗೊತ್ತಿತ್ತು." ಸಿಲ್ವಿಯೊನ ದನಿ ಇಳಿಯಿತು. "ಅದೊಂದೇ ತುಂಬಾ ನೋಯ್ತಿತ್ತು."

ಅವಳ ಕಣ್ಣು ತುಂಬಿತು. ತನ್ನ ಮರ್ಯಾದೆ ಹೋದರೂ ಸರಿ ಎಂದು ಇನ್ನೊಬ್ಬಳ ಮಾನ ಕಾದವನು... ಅಪ್ಪನೆಲ್ಲಿ, ಇವನೆಲ್ಲಿ!

ಡೋನ್ಯಾ ಫೆಲಿಪಾ ಹಣೆ ಚಚ್ಚಿಕೊಂಡರು. "ನನ್ನ ಬುದ್ಧಿಗೆ ಏನಾಗಿತ್ತು! ಇವತ್ತಿಂದ ಇಡೀ ಗುಡ್ಡಕ್ಕೇ ಒಂದು ಕಾರ್ಡು. ಈಗ ಆ ಪಾತ್ರೆ ಮುಚ್ಚಳ ತೆಗೀರಿ, ಹಸಿವಾಗ್ತಿದೆ!"

ಎಲ್ಲರೂ ಊಟಕ್ಕೆ ಮುಗಿಬಿದ್ದರು. ಮೂಲೆಯಲ್ಲಿ ಸಿಲ್ವಿಯೊ ತನ್ನ ಹಳೇ ಕಾರ್ಡನ್ನು ಮಿರೆಲಿಸ್ ಮುಂದೆ ಹಿಡಿದ. ಮೂರು ಹೆಸರಿಗೂ ಅಡ್ಡಗೆರೆ ಎಳೆದಿದ್ದ.

"ನಂದು ಖಾಲಿಯಾಯ್ತು ಮೇಡಂ. ಒಂದು ಹೆಸರು ಬರೀಬೇಕು ಅಂತಿದ್ದೀನಿ."

"ಮತ್ತೆ ಸುಳ್ಳು ಬರೆದ್ರೆ ಹರಿದು ಬಿಸಾಕ್ತೀನಿ!"

"ಹಾಗಾದ್ರೆ ನೀವೇ ಬರೀರಿ."

ಅವಳು ತನ್ನ ಹೆಸರು ಬರೆದಳು. ಸಂಬಂಧ ಎಂದಿದ್ದಲ್ಲಿಗೆ ಬಂದು ಪೆನ್ನು ನಿಂತಿತು.

"ಇಲ್ಲಿ ಏನು ಬರೀಲಿ, ಸಿಲ್ವಿಯೊ?"

"ಸದ್ಯಕ್ಕೆ 'ನಮ್ಮವಳು' ಅಂತ ಬರಿ... ಮದುವೆ ಆದ್ಮೇಲೆ ತಿದ್ದಿದ್ರಾಯ್ತು."

"ತಿದ್ದೋದು ಬೇಡ ಬಿಡು," ಎಂದಳು ಮಿರೆಲಿಸ್, ಕಣ್ಣೊರೆಸಿಕೊಂಡು ನಗುತ್ತ. "ಆ ಮಾತೇ ಚೆನ್ನಾಗಿದೆ."