ಸೋತವಳ ನಗು

"ಆ ನಗು ಸ್ವಲ್ಪ ನಿಲ್ಲಿಸ್ತೀರಾ ಮೇಡಂ? ಇದು ಕೋರ್ಟು!"

ಅವಳ ಮೊದಲ ಕೇಸು ಆಗಷ್ಟೇ ವಜಾ ಆಗಿತ್ತು. ಎದುರು ವಾದಿಸಿ ಗೆದ್ದ ವಕೀಲನೇ ಹಾಗೆ ಗದರಿದ್ದ. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಸೌಂದರ್ಯ ಸ್ಪರ್ಧೆ ಗೆದ್ದವಳಿಗೆ ಈ ಕಪ್ಪು ಕೋಟು ಯಾಕೆ ಬೇಕಿತ್ತೋ ಎಂಬ ನಗು ಅದು! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಗುತ್ತಲೇ ಹೊರಗೆ ಬಂದಳು.

ಹಾಗೆ ಗದರಿದವನನ್ನೇ ಮುಂದೆ ಪ್ರೀತಿಸಿದಳು ನೋಡಿ... ಹಣೆಬರಹ ಅಂದರೆ ಇದೇ!

ಅವಳು ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ಮಾತ್ರ ಅವನು ಅಡ್ಡ ಬಂದ.

"ಬೇಡ ಕಣೇ."

"ಯಾಕೆ? ನಿನಗೂ ನಾನು ಬರೀ ಮುಖಾನಾ?"

ಅವನು ಫೈಲು ಎತ್ತಿಕೊಂಡು ಹೊರಟುಬಿಟ್ಟ. ಆಮೇಲೆ ಅವಳು ಅವನ ಫೋನ್ ಎತ್ತಲಿಲ್ಲ.

ಇವತ್ತು ಮತ ಎಣಿಕೆ ಮುಗಿದಿತ್ತು. ಅವಳು ಹೀನಾಯವಾಗಿ ಸೋತಿದ್ದಳು. ಮನೆಗಳನ್ನು ಕೆಡವದಂತೆ ಕೋರ್ಟಿನಲ್ಲಿ ಹೋರಾಡಿ ಉಳಿಸಿಕೊಟ್ಟಿದ್ದ ಬೀದಿ... ಆ ಬೀದಿಯವರೂ ಅವಳ ಕೈ ಹಿಡಿದಿರಲಿಲ್ಲ.

'ನಾನೇನು ಕಡಿಮೆ ಮಾಡಿದೆ? ಓದಿದೆ, ವಾದಿಸಿದೆ, ಚಪ್ಪಲಿ ಸವೆಯುವಷ್ಟು ಅಲೆದೆ... ಇವರಿಗೆ ಕಂಡದ್ದು ಆ ಹಳೇ ಕಿರೀಟ ಒಂದೇನಾ?'

ಅದೇ ಬೀದಿಯ ಅಜ್ಜಿಯೊಬ್ಬಳು ಎಣಿಕೆ ಕೇಂದ್ರದ ಬಾಗಿಲಲ್ಲಿ ಸಿಕ್ಕಳು. ಪ್ರೀತಿಯಿಂದಲೇ ಅವಳ ಗಲ್ಲ ಸವರಿದಳು. "ಬೇಜಾರ್ ಮಾಡ್ಕೋಬೇಡ ತಾಯಿ. ಇಷ್ಟು ಚೆಂದ ಇದ್ದೀಯ, ನಿನಗ್ಯಾಕೆ ಈ ರಗಳೆ ಅಂತ ನಾವು ಬೇರೆಯವರಿಗೆ ವೋಟು ಹಾಕಿದ್ವಿ..."

ಅವಳು ಅಜ್ಜಿಯ ಕೈಯನ್ನು ಮೆಲ್ಲಗೆ ಗಲ್ಲದಿಂದ ಸರಿಸಿ ನಡೆದಳು.

ಹೊರಗೆ ಕ್ಯಾಮೆರಾಗಳು ಮುತ್ತಿಕೊಂಡವು. ಅವಳ ಬೆನ್ನು ನೆಟ್ಟಗಾಯಿತು, ತುಟಿ ತಾನಾಗಿಯೇ ಅರಳಿತು. ಸೋತಾಗಲೇ ಚೆನ್ನಾಗಿ ನಗಬೇಕು ಎಂದು ಸ್ಪರ್ಧೆಯ ತರಬೇತಿಯಲ್ಲಿ ಕಲಿಸಿದ್ದರು.

"ನೋಡ್ರೀ, ಸೋತ್ರೂ ಹೇಗೆ ನಗ್ತಿದ್ದಾಳೆ! ನಾಚಿಕೆ ಬೇಡ್ವಾ?" ಯಾರೋ ಅಂದರು.

ಅಷ್ಟರಲ್ಲಿ ಕಪ್ಪು ಕೋಟೊಂದು ಅಡ್ಡ ನಿಂತಿತು. ಅವನು! ಕ್ಯಾಮೆರಾಗಳಿಗೆ ಬೆನ್ನು ಹಾಕಿ, ಕೋಟಿನ ಎರಡೂ ಅಂಚು ಅಗಲಿಸಿ ಹಿಡಿದು ಅವಳ ಮುಖಕ್ಕೆ ಮರೆ ಮಾಡಿದ.

"ನಗಬೇಡ ಕಣೇ..." ಅವನು ಮೆಲ್ಲಗೆ ಅಂದ. "ಅವತ್ತು ಕೋರ್ಟಲ್ಲೂ ಇದೇ ನಗು. ನೋಡೋಕಾಗದೆ ಗದರಿಬಿಟ್ಟೆ. ಚುನಾವಣೆ ಬೇಡ ಅಂದಿದ್ದೂ ಅದಕ್ಕೇ. ಸೋತ್ರೆ ಹೀಗೇ ನಿಂತ್ಕೋತೀಯ ಅಂತ ಗೊತ್ತಿತ್ತು."

"ಅವತ್ತೇ ಹೇಳಬಾರದಿತ್ತಾ?"

"'ನೀನು ಸೋತ್ರೆ' ಅಂತ ಯಾವ ಬಾಯಲ್ಲಿ ಹೇಳಲಿ? ಪ್ರೀತಿಸ್ತೀನಲ್ಲೇ ನಿನ್ನ..."

ಅವಳ ತುಟಿ ಸೊಟ್ಟಗಾಯಿತು. ಕಾಡಿಗೆ ಕದಡಿತು, ಮೂಗು ಸೋರಿತು.

"ಆ ಬೀದಿಯವರೂ ಹಾಕ್ಲಿಲ್ಲ ಕಣೋ..."

"ಗೊತ್ತು."

ಅವಳು ಬಿಕ್ಕುತ್ತಲೇ ಕೇಳಿದಳು. "ನಾನೀಗ ಚೆನ್ನಾಗಿ ಕಾಣ್ತಿಲ್ಲ, ಅಲ್ವಾ?"

"ಚೂರೂ ಚೆನ್ನಾಗಿಲ್ಲ," ಎಂದ ಅವನು, ತಾನೂ ಅಳುತ್ತಾ. "ಅಳು. ನಿನಗೆ ಸಾಕು ಅನ್ನಿಸೋವರೆಗೂ ಈ ಕೋಟು ಹಿಡ್ಕೊಂಡೇ ಇರ್ತೀನಿ."